ಹಗಲಿನಲ್ಲಿ ಕಥೆ ಹೇಳಿದ ದೇವಿಬಾಯಿ

ದೇವಿಬಾಯಿಯನ್ನು ನಾನು ಮೊದಲು ನೋಡಿದ್ದು ೧೯೮೭ರಲ್ಲಿ, ಮಡಗಾವಿಯ ಪಕ್ಕದ ಫಾತೋರ್ಡಾದಲ್ಲಿ. ನಮ್ಮ ಕಿರಾಣಿ ಅಂಗಡಿಯ ಎದುರಿನ ಬಯಲಿನಲ್ಲಿ ಐದು ಮಹಡಿಯ ಕಟ್ಟಡ ಏಳುತ್ತಿತ್ತು. ವಿಜಾಪುರದ ಕಡೆಯ ತಾಂಡಾಗಳಿಂದ ಬಂದ ಹೆಣ್ಣಾಳುಗಳು ಅಲ್ಲಿ ಕಲ್ಲು, ಉಸುಕು ಹೊರುತ್ತಿದ್ದರು. ದೇವಿಬಾಯಿಯೂ ಹೊರುತ್ತಿದ್ದಳು. ಹಲಗೆ ಜಾರಿ ಬಿದ್ದು ಮೊಣಕಾಲಿನ ಎಲುಬು ಸೊಟ್ಟಗೆ ಕೂಡಿದ ಮೇಲೆ, ಕೂಲಿಯಾಳುಗಳ ಮುಕಾದಮ ಚಂದಪ್ಪ ಆಕೆಯನ್ನು ಊರಿಗೆ ಕಳಿಸದೆ ಹಲಸಿನ ಮರದ ಕೆಳಗೆ ಕೂಡಿಸಿದ. ಹೆಣ್ಣಾಳುಗಳ ಒಂಬತ್ತು ಮಕ್ಕಳನ್ನು ಹಗಲೆಲ್ಲ ಕಾಯುವುದು ಆಕೆಯ ಕೆಲಸ.

ಮರದಿಂದ ಇಪ್ಪತ್ತು ಹೆಜ್ಜೆಯ ಮೇಲೆ ನೀರಿನ ತೊಟ್ಟಿ ಇತ್ತು. ಗೋಡೆಗಳಿಗೆ ನೀರು ಹೊಡೆಯಲು ತೋಡಿದ್ದು. ಸುತ್ತ ಕಟ್ಟೆಯಿಲ್ಲ, ನೆಲದ ಮಟ್ಟಕ್ಕೇ ನೀರು.

ಸಂಜೆ ಒಲೆ ಹೊತ್ತಿಸಿದ ಮೇಲೆ ಆಕೆ ಕಥೆ ಹೇಳುತ್ತಿದ್ದಳು. ಹಾವನ್ನು ಮದುವೆಯಾದ ಹುಡುಗಿಯ ಕಥೆ, ನೆರಳನ್ನು ಮಾರಿಕೊಂಡ ರಾಜನ ಕಥೆ, ಎಲ್ಲಕ್ಕಿಂತ ಹೆಚ್ಚಾಗಿ ಗಂಟೆ ಎತ್ತಿನ ಕಥೆ. ಲಂಬಾಣಿಗರು ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಕಾಲದಲ್ಲಿ ಹಿಂಡಿನ ಮುಂದೆ ಗಂಟೆ ಕಟ್ಟಿದ ಒಂದು ಎತ್ತು ನಡೆಯುತ್ತಿತ್ತಂತೆ. ಮಂಜು ಕವಿದರೂ ಮಂದಿ ಆ ಸದ್ದು ಹಿಡಿದು ಹೋದರೆ ಸಾಕು. ಅಂಗಡಿಯ ಕೆಲಸ ಮುಗಿಸಿ ನಾನೂ ಹೋಗಿ ಕೂಡುತ್ತಿದ್ದೆ. ಕೇಳುವವರಲ್ಲಿ ಒಬ್ಬರು ಮಾತುಮಾತಿಗೆ ಹೂಂ ಅನ್ನಬೇಕು. ಹೂಂ ನಿಂತರೆ ಆಕೆಯ ಕಥೆಯೂ ನಿಲ್ಲುತ್ತಿತ್ತು. ಆ ಹೂಂ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು.

ಹಗಲಿನಲ್ಲಿ ಮಾತ್ರ ಆಕೆ ಬಾಯಿ ಬಿಡುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ಎಲ್ಲೋ ದಾರಿ ನಡೆಯುತ್ತಿರುವವರು ದಾರಿ ತಪ್ಪುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನನ್ನ ಅಜ್ಜಿಯೂ ಹಾಗೇ ಹೇಳಿ ನಮ್ಮನ್ನು ಓಡಿಸುತ್ತಿದ್ದಳು. ಆದರೆ ಅಜ್ಜಿಗೆ ಅದು ಕೆಲಸದ ಹೊತ್ತಿನಲ್ಲಿ ನಮ್ಮಿಂದ ಪಾರಾಗುವ ಉಪಾಯ. ದೇವಿಬಾಯಿಗೆ ಹಾಗಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ.

ಒಂದು ಸೋಮವಾರ ಕಾಳಿಬಾಯಿಯ ಮಗಳು ರಾಮಿ ತೊಟ್ಟಿಗೆ ಬಿದ್ದಳು. ಐದು ವರ್ಷದ ಹುಡುಗಿ, ಒಂದು ಕಡೆ ಕೂತವಳೇ ಅಲ್ಲ. ಗಾರೆಯವನೊಬ್ಬ ಜಿಗಿದು ಎತ್ತಿದ. ಹುಡುಗಿ ನೀರು ಕಕ್ಕಿ, ಅತ್ತು, ಅರ್ಧ ಗಂಟೆಯಲ್ಲಿ ಮತ್ತೆ ತೊಟ್ಟಿಯ ಕಡೆ ಹೊರಟಳು.

ಸಂಜೆ ಚಂದಪ್ಪ ಮರದ ಕೆಳಗೆ ಬಂದ.

"ಇಂಜಿನಿಯರ್ ಸಾಹೇಬ್ರು ಭಾಳ ಸಿಟ್ಟಾಗ್ಯಾರ. ಶನಿವಾರ ಬರ್ತಾರಂತ. ಅವತ್ತ ಒಂದ ಕೂಸು ತೊಟ್ಟಿ ಕಡಿಗಿ ಹೋಗೂದು ಕಂಡ್ರೂ, ಮಕ್ಕಳಿದ್ದ ಹೆಣ್ಣಾಳೆಲ್ಲ ಊರಿಗಿ. ಮೊದಲ ನೀನು."

"ಕಾಲು ಕುಂಟು, ಅವುಗಳ ಹಿಂದ ಎಷ್ಟಂತ ಓಡ್ಲೋ ತಮ್ಮಾ?"

"ಓಡಬ್ಯಾಡ. ಕಥಿ ಹೇಳು. ಸಂಜಿಕ ನೀ ಬಾಯಿ ತೆರದ್ರ ಕಲ್ಲಿನಂಗ ಕೂಡ್ತಾವ. ಹಗಲಿಗೂ ಹೇಳು."

"ಅದೊಂದು ಕೇಳಬ್ಯಾಡ."

"ಹಂಗಾರ ಗಂಟು ಕಟ್ಟು," ಎಂದು ಅವನು ಹೋದ.

ಊರಿಗೆ ಹೋದರೆ ಆಕೆಗೆ ಮನೆಯಿರಲಿಲ್ಲ. ಮರುದಿನ ಮಧ್ಯಾಹ್ನ ಚುರುಮುರಿ ಒಯ್ದು ಪಕ್ಕದಲ್ಲಿ ಕೂತೆ. ಅದನ್ನು ಮಕ್ಕಳಿಗೆ ಹಂಚಿ ಆಕೆಯೇ ಹೇಳಿದಳು.

"ಅಕ್ಕಾರ, ನನ್ನ ಗಂಡ ಕೇಶಪ್ಪ ನಾಕು ವರ್ಷದ ಹಿಂದ ರತ್ನಾಗಿರಿ ಕಡಿಗಿ ರಸ್ತಾ ಕೆಲಸಕ್ಕ ಹೋದ್ನರಿ. ಹೊಂಟಾಗ ಮಟಮಟ ಮಧ್ಯಾಹ್ನ. ಅವ ತಾಂಡಾ ದಾಟಿರಲಿಕ್ಕಿಲ್ಲ, ನೆರಿಮನಿ ಕೂಸು ಅಳಾಕತ್ತಿತ್ತು, ನಾ ಗಂಟಿ ಎತ್ತಿನ ಕಥಿ ಚಾಲೂ ಮಾಡಿದ್ನಿ. ಮೈಮೇಲೆ ಖಬರ ಇರಲಿಲ್ಲ. ಅವ ಇನ್ನೂ ಬಂದಿಲ್ಲ."

ಸುಳ್ಳು ನಂಬಿಕೆ ಎನ್ನಲು ಬಾಯಿ ಬರಲಿಲ್ಲ. ನಿಜವೆನ್ನಲು ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಕೇಶಪ್ಪನ ಹೆಸರನ್ನೂ ಸೇರಿಸಿದೆ. ಅಂದೇ ಬಳೆ ಮಾರುವ ಹಜರತಬಿ ಅಂಗಡಿಗೆ ಬಂದಳು. ಬಾಗಲಕೋಟೆಯ ಕಡೆಯವಳು, ಬುಟ್ಟಿ ಹೊತ್ತು ಮಡಗಾವಿಯ ಓಣಿಗಳನ್ನೆಲ್ಲ ತಿರುಗುವವಳು. ಆಕೆಯನ್ನು ಕರೆದುಕೊಂಡು ಮರದ ಕೆಳಗೆ ಹೋದೆ.

ಎಲ್ಲ ಕೇಳಿ ಹಜರತಬಿ ಬುಟ್ಟಿ ಇಳಿಸಿದಳು. "ದಾರಿ ತಪ್ಪಿದವ್ರಿಗೆ ನಮ್ಮ ಖಾಜಾ ಖಿಜರ್ ಇದ್ದಾನಲ್ಲ ಬಾಯಿ. ಹಸಿರು ಅಂಗಿ ತೊಟ್ಟು ಅಡ್ಡಾಡ್ತಾನ. ಕಾಡಿರಲಿ ಸಮುದ್ರ ಇರಲಿ, ದಿಕ್ಕು ತಿಳೀದ ನಿಂತವ್ರ ಕೈ ಹಿಡೀತಾನ. ಅವ ಕುಂತ ಒಣ ನೆಲದಾಗ ಹುಲ್ಲು ಚಿಗರ್ತೈತಿ."

"ಹಗಲೊತ್ತಿನ್ಯಾಗೂ ಬರ್ತಾನೇನು?"

"ಹಗಲಿಗೇನು ರಜಾ ಹಾಕ್ತಾನೇನು?"

ದೇವಿಬಾಯಿ ಯೋಚಿಸಿದಳು. "ನಾ ಕಥಿ ಹೇಳಿದ್ರ ಅವನೂ ಕೇಳಾಕ ನಿಂತಾನು. ಆವಾಗ ದಾರಿ ತೋರ್ಸೋರು ಯಾರು?"

"ಅವ ನಿನ್ನಂಗ ಕುಂತಲ್ಲೆ ಕೂಡೂ ಮನಷಾ ಅಲ್ಲ. ನಡಕೋತನ ಕೇಳ್ತಾನ."

ದೇವಿಬಾಯಿ ನಕ್ಕಳು. ಆ ಮರದ ಒಡತಿ ಫೆರ್ಮಿನಾ ಮಾಯ್, ಹಲಸಿನ ಮಿಡಿ ಎಣಿಸಲೆಂದು ದಿನಾ ಬರುವ ಮುದುಕಿ, ಏನು ನಗು ಎಂದು ಕೊಂಕಣಿಯಲ್ಲಿ ಕೇಳಿದಳು. ನನಗೆ ಬಂದಷ್ಟು ಕೊಂಕಣಿಯಲ್ಲಿ ಹೇಳಿದೆ. ಅದಕ್ಕೆ ಅವಳು, ಕಳೆದದ್ದನ್ನು ಹುಡುಕಿಕೊಡುವುದು ತಮ್ಮ ಚರ್ಚಿನ ಸಂತ, ಸಾಂತ್ ಆಂತೋನನ ಕೆಲಸ ಎಂದಳು. ತನ್ನ ಕೀಲಿಕೈ ಕಳೆದಾಗ ಅವನ ಮೂರ್ತಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾಳಂತೆ, ಸಿಗುವ ತನಕ ತಿರುಗಿಸುವುದಿಲ್ಲವಂತೆ.

"ದೇವ್ರ ಮಂದೀಗೆ ಹಿಂಗ ಹೆದರಿಸ್ತಾಳ, ಮಿಡಿ ಕದಿಯೂ ನಮ್ಮ ಹುಡುಗ್ರ ಗತಿ ಏನು," ಎಂದಳು ಹಜರತಬಿ.

ಗುರುವಾರ ಬೆಳಿಗ್ಗೆ ದೇವಿಬಾಯಿ ಒಂಬತ್ತೂ ಮಕ್ಕಳನ್ನು ಕೂಡಿಸಿದಳು. ಕಥೆಗೆ ಮೊದಲು ಮೂರು ಹಲಸಿನ ಎಲೆಗಳನ್ನು ಸಾಲಾಗಿ ಇಟ್ಟಳು. ಒಂದು ಹಸಿರು ಅಂಗಿಯವನಿಗೆ, ಕಾಡಿನ ದಾರಿ ಅವನದು. ಒಂದು ಗೋಡೆಗೆ ಮುಖ ಮಾಡಿ ನಿಂತ ಸಂತನಿಗೆ, ಊರೊಳಗಿನ ಓಣಿಗಳು ಅವನವು. ಮೂರನೆಯದು ಗಂಟೆ ಎತ್ತಿಗೆ, ಘಟ್ಟ ಇಳಿಯುವ ದಾರಿಗೆ. "ಕಾಯ್ಕೋತ ಇರ್ರಿ, ನಾ ಕಥಿ ಹೇಳಾಕತ್ತೇನಿ," ಎಂದು ಅವಕ್ಕೆ ಕೈಮುಗಿದಳು.

ಆಮೇಲೆ ರಾಮಿಯನ್ನು ಎದುರಿಗೆ ಎಳೆದುಕೊಂಡಳು. "ಹೂಂ ಅನ್ನಾಕಿ ನೀನ. ನೀ ಹೂಂ ಬಿಟ್ರ ಕಥ್ಯಾಗಿನ ಮಂದಿ ನಡುದಾರ್ಯಾಗ ನಿಂತ ಬಿಡ್ತಾರ. ಪಾಪ ನಿನಗ ಹತ್ತತೈತಿ."

ಹೇಳಿದ್ದು ಗಂಟೆ ಎತ್ತಿನ ಕಥೆಯನ್ನೇ. ಗುರುವಾರ ಎರಡು ಸಲ ರಾಮಿ ಎದ್ದಳು, ಎರಡು ಸಲ ಕಥೆ ನಿಂತಿತು, ಉಳಿದ ಮಕ್ಕಳೇ ಬೈದು ಕೂಡಿಸಿದರು. ಶುಕ್ರವಾರ ಒಂದು ಸಲ.

ಶನಿವಾರ ಹತ್ತು ಗಂಟೆಗೆ ಇಂಜಿನಿಯರ್ ಬಂದು ತೊಟ್ಟಿಯ ಹತ್ತಿರವೇ ನಿಂತರು. ಅದೇ ಹೊತ್ತಿಗೆ ನೀರಿನ ಟ್ಯಾಂಕರ್ ಬಂತು. ದಪ್ಪ ಪೈಪು ತೊಟ್ಟಿಗೆ ಬಿತ್ತು. ಬಿಸಿಲಿನಲ್ಲಿ ನೀರು ಹಾರಿ ಕಾಮನಬಿಲ್ಲಿನ ತುಂಡು ಕಾಣಿಸಿತು. ನಾನು ಅಂಗಡಿಯ ಮೆಟ್ಟಿಲ ಮೇಲಿದ್ದೆ. ಚಂದಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. ರಾಮಿ ಎದ್ದಳು.

ದೇವಿಬಾಯಿ ಬಾಯಿ ಮುಚ್ಚಿದಳು. ಕರೆಯಲಿಲ್ಲ, ಗದರಿಸಲಿಲ್ಲ. ಉಳಿದ ಎಂಟು ಮಕ್ಕಳೂ ಸುಮ್ಮನಾದರು. ರಾಮಿ ಎರಡು ಹೆಜ್ಜೆ ನಡೆದು ತಿರುಗಿ ನೋಡಿದಳು.

"ಎತ್ತು ನಿಂತ್ಕೊಂಡ್ತೇನು?"

"ನಿಂತೈತಿ. ಹಿಂದ ಮಂದೀನೂ ನಿಂತಾರ. ಮಳಿ ಬರಾಕತ್ತೈತಿ."

ಹುಡುಗಿ ನೀರನ್ನು ನೋಡಿದಳು. ಎಲೆಗಳನ್ನು ನೋಡಿದಳು. ಬಂದು ಕೂತು, ಬಹಳ ಬೇಜಾರಿನಿಂದ, "ಹೂಂ," ಎಂದಳು.

ಇಂಜಿನಿಯರ್ ಕನ್ನಡ ಬಾರದವರು. ಟ್ಯಾಂಕರ್ ಖಾಲಿಯಾಗುವ ತನಕ ಮಕ್ಕಳನ್ನು ನೋಡುತ್ತ ನಿಂತಿದ್ದರು. ಹೊರಡುವಾಗ ಚಂದಪ್ಪನಿಗೆ ಹಿಂದಿಯಲ್ಲಿ ಎರಡು ಮಾತು ಹೇಳಿದರು: ಮುದುಕಿ ಇರಲಿ, ಸಂಜೆಯೊಳಗೆ ತೊಟ್ಟಿಯ ಸುತ್ತ ಹಲಗೆ ಬಡಿಯಿರಿ. ಕಥೆ ಮುಗಿದ ಮೇಲೆ ರಾಮಿ ಕೇಳಿದ್ದು ಬೇರೆಯೇ. ದೊಡ್ಡವರ ಮಾತು ಎಲ್ಲಿ ಕೇಳಿಸಿಕೊಂಡಿದ್ದಳೋ.

"ಕೇಶಪ್ಪ ಮುತ್ಯಾನೂ ಆ ಮಂದಿ ಸಂಗಟ ಬಂದ್ನೇನು?"

ದೇವಿಬಾಯಿ ಎಲೆಗಳನ್ನು ಎತ್ತಿಕೊಂಡು ಸೆರಗಿಗೆ ಒರೆಸಿದಳು. "ಇನ್ನೂ ರತ್ನಾಗಿರ್ಯಾಗ ಇದ್ದಾನ," ಎಂದಳು. "ಹೊಂಟಾನ."

ಕಟ್ಟಡ ಮುಗಿಯಿತು. ಅವರೆಲ್ಲ ಬೇರೆ ಕೆಲಸಕ್ಕೆ ಹೋದರು. ೧೯೯೬ರಲ್ಲಿ ನೆಂಟರ ಮನೆಗೆಂದು ಕುಂಡಯಿಗೆ ಹೋದಾಗ, ಕಾರ್ಖಾನೆಗಳ ಹಿಂದಿನ ಶೆಡ್ಡುಗಳಲ್ಲಿ ದೇವಿಬಾಯಿ ಇದ್ದಾಳೆಂದು ತಿಳಿದು ಹುಡುಕಿಕೊಂಡು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಸುಕಾಗಿತ್ತು. ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳು ಹತ್ತು ಹನ್ನೆರಡು ಸುತ್ತ ಕೂತಿದ್ದವು. ನಡುವೆ ನಾಲ್ಕು ಎಲೆಗಳಿದ್ದವು.

"ನಾಕನೇದು ಯಾರಿಗೆ?" ಎಂದೆ.

ದನಿ ಗುರುತು ಹಿಡಿದು ಆಕೆ ನನ್ನ ಕೈ ಹಿಡಿದಳು. "ನೇಪಾಳದ ಒಬ್ಬಾಕಿ ಬಂದಾಳ್ರಿ ಇಲ್ಲಿ. ಹಿಮದಾಗ ದಾರಿ ತೋರ್ಸೋ ಬಿಳಿ ಹಕ್ಕಿ ಐತಂತ ಅವರ ಕಡಿ. ಇರ್ಲಿ ಅಂತ ಇಟ್ಟೇನಿ."

ಕೇಶಪ್ಪನ ವಿಷಯ ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳಬೇಕಾಗಲೂ ಇಲ್ಲ. ಕಥೆ ಹೇಳುತ್ತಿದ್ದವಳು ದೇವಿಬಾಯಿಯಲ್ಲ, ಎರಡು ಜಡೆಯ, ಉದ್ದ ಕಾಲಿನ ರಾಮಿ. ಹದಿನಾಲ್ಕು ವರ್ಷ. ದಿನಾ ಮಧ್ಯಾಹ್ನ ಶಾಲೆ ಬಿಡುತ್ತಲೇ ಬಂದು ಹೇಳುತ್ತಾಳಂತೆ. ವರ್ಷಕ್ಕಿಷ್ಟು ದಾರಿ ಎಂದು ಮಕ್ಕಳು ಕಥೆಯೊಳಗೆ ಕೇಶಪ್ಪನನ್ನು ರತ್ನಾಗಿರಿಯಿಂದ ನಡೆಸಿಕೊಂಡು ಬಂದಿದ್ದವು. ಸಾವಂತವಾಡಿಯಲ್ಲಿ ಒಂದು ಮಳೆಗಾಲ ನಿಂತಿದ್ದ. ಮಾಪ್ಸಾದ ಸಂತೆಯಲ್ಲಿ ಮೆಣಸಿನಕಾಯಿ ಕೊಂಡಿದ್ದ. ಪಣಜಿಯಲ್ಲಿ ಬಸ್ಸು ತಪ್ಪಿಸಿಕೊಂಡು ನಡೆದೇ ಹೊರಟಿದ್ದ.

"ಈಗ ಬಾಣಸ್ತರಿ ಪೂಲ್ ಮ್ಯಾಲೆ ಬಂದ," ಎಂದಳು ರಾಮಿ. ಆ ಸೇತುವೆ ಅಲ್ಲಿಂದ ಬಹಳ ದೂರವಿಲ್ಲ. "ಹೆಗಲ ಮ್ಯಾಲೆ ಗಂಟು ಐತಿ. ಕೆಳಗ ಹೊಳಿ ತುಂಬೇತಿ. ಮುಂದ ಗಂಟಿ ಸಪ್ಪಳ ಕೇಳಾಕತ್ತೈತಿ."

ಅವಳು ಕಾದಳು. ಮಕ್ಕಳೆಲ್ಲ ದೇವಿಬಾಯಿಯ ಕಡೆ ತಿರುಗಿದವು. ಆಕೆ ನನ್ನ ಕೈಯನ್ನು ಬಿಡದೆ, ಸೊಟ್ಟ ಮೊಣಕಾಲನ್ನು ಸರಿ ಮಾಡಿಕೊಂಡು ನೆಟ್ಟಗೆ ಕೂತಳು.

"ಹೂಂ," ಎಂದಳು.