ದೇಯಿಯ ಒಲೆಯಡಿಯ ಕೊಪ್ಪರಿಗೆ

೧೯೬೪ರ ಬೇಸಿಗೆ ರಜೆ. ಆಗ ನಾನು ಸಿದ್ಧಕಟ್ಟೆ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರಾಗಿದ್ದೆ. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗಿನ ಊರುಗಳ ಹೊಸ ನಕ್ಷೆ ಮಾಡಲು ಸರ್ವೆಯವರು ಬಂದು ಮೂಡುಬಿದಿರೆಯಲ್ಲಿ ಬಿಡಾರ ಹೂಡಿದ್ದರು. ಗುಡ್ಡ, ತೋಡು, ಬೈಲುಗಳ ಹೆಸರನ್ನು ಜನರಲ್ಲಿ ಕೇಳಿ ಸರಿಯಾಗಿ ಬರೆದುಕೊಡಲು ಅವರಿಗೆ ತುಳು ಬಲ್ಲವರೊಬ್ಬರು ಬೇಕಿತ್ತು. ರಜೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಇದು ವಾಸಿ ಎಂದು ನಾನು ಒಪ್ಪಿಕೊಂಡೆ. ವಾರವಿಡೀ ಬಿಡಾರದಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದೆ.

ಮನೆಯೆಂದರೆ ಸೋದರಮಾವನ ಮನೆ. ನನ್ನ ತಂದೆ ಬೇಗ ತೀರಿಕೊಂಡಿದ್ದರಿಂದ ಅಮ್ಮನನ್ನೂ ನನ್ನನ್ನೂ ಸಾಕಿದವರು, ನನ್ನನ್ನು ಓದಿಸಿದವರು ಮಾವನೇ. ಅವರೆದುರು ನಾನು ಎಂದೂ ದನಿ ಎತ್ತಿ ಮಾತಾಡಿದವನಲ್ಲ.

ಸರ್ವೆಯ ಸಾಹೇಬರು ಧಾರವಾಡದ ಕಡೆಯವರು. ಒಂದು ಮಧ್ಯಾಹ್ನ ನನ್ನನ್ನು ಕರೆದು ವಿಮಾನದಿಂದ ತೆಗೆದ ಎರಡು ಫೋಟೋಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅದರ ಮೇಲೆ ಎರಡು ಮಸೂರವಿದ್ದ ಪುಟ್ಟ ಸಾಧನವೊಂದನ್ನು ನಿಲ್ಲಿಸಿ, "ನೋಡ್ರಿ ಮಾಸ್ತರ, ಇದು ನಿಮ್ಮೂರು" ಎಂದರು. ಬಗ್ಗಿ ನೋಡಿದೆ. ಮೊದಲು ಬರೀ ಬೂದು ಬಣ್ಣ. ಕಣ್ಣು ಹೊಂದಿಕೊಂಡ ಕೂಡಲೇ ಗುಡ್ಡಗಳು ಕಾಗದದಿಂದ ಎದ್ದು ನಿಂತವು! ನಮ್ಮ ಮನೆಯ ಮೇಲಿನ ಪದವು, ಅಂದರೆ ಆ ಮುರಕಲ್ಲಿನ ಬೋಳುಗುಡ್ಡ, ಒಂದು ಮಣೆಯ ಹಾಗೆ ಕಂಡಿತು. ಅದರ ಮೇಲೆ ಚೌಕದ ಮೂರು ಬದಿಯಂತೆ ನೇರವಾದ ಕಪ್ಪು ಗೆರೆ. ಗೆರೆ ಮುಗಿಯುವ ಮೂಲೆಯಲ್ಲಿ ಒಂದು ಚುಕ್ಕಿ. ಅದು ಮಾವನ ಒಕ್ಕಲಾಗಿದ್ದ ದೇಯಿಯ ಮನೆ.

ಪದವಿನಲ್ಲಿ ಹಿಂದೆ ಅರಸನ ಕೋಟೆಯಿತ್ತು, ಅದರ ಸುತ್ತಲಿನ ಅಗಳು ಮುಗಿಯುವಲ್ಲಿ ಬಂಗಾರ ತುಂಬಿದ ಕೊಪ್ಪರಿಗೆಯನ್ನು ಹುಗಿದಿದ್ದಾರೆ ಎಂಬ ಕತೆಯನ್ನು ನಮ್ಮೂರಿನಲ್ಲಿ ಕೇಳದವರಿಲ್ಲ. ಆ ಕಂದಕ ಯಾವಾಗಲೋ ಮಣ್ಣು ತುಂಬಿ ಹುಲ್ಲು ಮುಚ್ಚಿದ್ದರಿಂದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಾಗಿತ್ತು. ಬಿಡಾರದ ಫೋಟೋಗಳ ವಿಷಯ ಹೊರಗೆ ಆಡಬಾರದೆಂದು ಸಾಹೇಬರು ಮೊದಲೇ ಹೇಳಿದ್ದರು. ಆದರೂ ಆ ಶನಿವಾರ ಊಟಕ್ಕೆ ಕೂತಾಗ ಮಾವನಿಗೆ ಹೇಳಿಬಿಟ್ಟೆ. ಅವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು, ಅಷ್ಟೆ.

ಮುಂದಿನ ಶನಿವಾರ ಬಸ್ಸಿಳಿದಾಗ ದೇಯಿ ರಸ್ತೆಬದಿಯಲ್ಲೇ ನನ್ನನ್ನು ಕಾಯುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಗಂಡನಿಲ್ಲ, ಮಕ್ಕಳಿಲ್ಲ, ಒಂದು ಗುಡಿಸಲು, ಒಂದು ಬಾವಿ, ಮುಳ್ಳುಸೌತೆ ಬೆಳೆಯುವ ಒಂದಿಷ್ಟು ನೆಲ.

"ಮಾಸ್ಟ್ರೇ, ನನ್ನ ಒಲೆಯ ಅಡಿಯಲ್ಲಿ ಬಂಗಾರ ಉಂಟೂಂತ ನೀವು ಹೇಳಿದ್ದು ಹೌದಾ? ಧಣಿಗಳು ಮನೆ ಬಿಚ್ಚಲಿಕ್ಕೆ ಹೇಳಿದ್ದಾರೆ. ನಾನು ಎಲ್ಲಿಗೆ ಹೋಗುವುದು?"

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಮನೆಗೆ ಹೋಗಿ ಮಾವನನ್ನು ಕೇಳಿದೆ. "ಬೇರೆ ಕಡೆ ಗುಡಿಸಲು ಕಟ್ಟಿ ಕೊಡುವ ಮಾರಾಯ. ನನ್ನ ಹಿರಿಯರು ದಯೆಯಿಂದ ಕೂರಿಸಿದ್ದಲ್ವಾ ಅವಳ ಅಪ್ಪನನ್ನು?" ಎಂದರು.

ಸೋಮವಾರ ಸಾಹೇಬರಿಗೆ ಕೋಟೆ, ಕೊಪ್ಪರಿಗೆಯ ಕತೆಯನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಮುಖ ಕೆಂಪು ಮಾಡಿಕೊಂಡು ಬೈದರು. ಆಮೇಲೆ ಫೋಟೋವನ್ನು ಮತ್ತೆ ನೋಡಿ, "ಮೂರು ಬದಿಗೆ ಅಗಳು ತೋಡಿ ನಾಕನೇದು ಬಿಡೋ ಅರಸ ಯಾವಾಂವ ಇದ್ದಾನು? ಫೋಟೋ ಗೆರಿ ತೋರಸ್ತದ, ಯಾಕ ಅಂತ ಹೇಳೂದಿಲ್ಲ. ಹಳೇ ನಕಾಶಾ ನೋಡೂಣು, ನಡೀರಿ" ಎಂದು ನನ್ನನ್ನು ಜೀಪಿನಲ್ಲಿ ಬಂಟ್ವಾಳದ ತಾಲೂಕು ಕಚೇರಿಗೆ ಕರೆದುಕೊಂಡು ಹೋದರು.

ಅಲ್ಲಿನ ವಯಸ್ಸಾದ ಗುಮಾಸ್ತರು ಬಟ್ಟೆಗೆ ಅಂಟಿಸಿದ ಗ್ರಾಮದ ನಕ್ಷೆಯನ್ನು ತಂದು ಬಿಡಿಸಿದರು. ಬ್ರಿಟಿಷರ ಕಾಲದ್ದು, ನನ್ನ ಮಾವ ಹುಟ್ಟುವ ಮೊದಲಿನದು. ಮಡಿಕೆಗಳಲ್ಲಿ ಹರಿದಿತ್ತು. ಅದೇ ಮೂರು ಬದಿಯ ಗೆರೆ ಅದರಲ್ಲೂ ಇತ್ತು. ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. ಗುಮಾಸ್ತರು ಕನ್ನಡಕ ಏರಿಸಿ ಓದಿ ಕನ್ನಡದಲ್ಲಿ ಹೇಳಿದರು: "ಬಿಟ್ಟುಹೋದ ಗೇರು ತೋಪು. ದನ ಬಾರದಂತೆ ತೋಡಿದ ಕಂದಕ."

ಕೋಟೆಯೂ ಇಲ್ಲ, ಅರಸನೂ ಇಲ್ಲ. ಯಾರೋ ಗೇರು ಬೆಳೆಸಲು ಹೊರಟು ಅರ್ಧಕ್ಕೇ ಕೈಬಿಟ್ಟಿದ್ದರು. ನನಗೆ ನಗುವೇ ಬಂತು. ಆದರೆ ಸಾಹೇಬರ ಬೆರಳು ಇನ್ನೂ ನಕ್ಷೆಯ ಮೇಲೆಯೇ ಇತ್ತು. "ಇದನ್ನೂ ನೋಡ್ರಿ." ಗೆರೆಯ ಮೂಲೆಯಲ್ಲಿ ಒಂದು ಮನೆಯ ಗುರುತು, ಪಕ್ಕದಲ್ಲಿ ಬಾವಿಯ ಗುರುತು. ಕೆಳಗೆ ನಮ್ಮ ಮನೆ ಇರಬೇಕಾದ ಜಾಗ ಖಾಲಿಯಾಗಿತ್ತು. ನಮಗಿಂತ ಮೊದಲೇ ದೇಯಿಯ ಮನೆಯವರು ಅಲ್ಲಿದ್ದರು. ಯಾರೂ ಅವರನ್ನು ದಯೆಯಿಂದ ಕೂರಿಸಿರಲಿಲ್ಲ.

ನಾನು ಕಂದಕದ ಬರಹ, ಮನೆಯ ಗುರುತು ಎರಡನ್ನೂ ಕಾಗದದ ಮೇಲೆ ಪ್ರತಿ ಮಾಡಿಕೊಂಡೆ. ಅಂದೇ ಮನೆಗೆ ಹೋಗಿ ಮಾವನಿಗೆ ಕಂದಕದ ವಿಷಯ ಹೇಳಿದೆ. ಮನೆಯ ಗುರುತಿನ ವಿಷಯ ನಾಲಿಗೆಯ ತುದಿಗೆ ಬಂದು ನಿಂತಿತು. ಒಕ್ಕಲುಗಳಿಗೆ ಹಕ್ಕು ಕೊಡುವ ಕಾನೂನಿನ ಮಾತು ಎಲ್ಲ ಕಡೆ ಕೇಳುತ್ತಿದ್ದ ಕಾಲ ಅದು; ಆ ಗುರುತು ಹೊರಬಂದರೆ ಆ ನೆಲ ಮಾವನ ಕೈತಪ್ಪಬಹುದಿತ್ತು. ನಾನು ಉಂಡದ್ದು ಮಾವನ ಅನ್ನ. ಬಾಯಿ ಮುಚ್ಚಿಕೊಂಡೆ. "ಹಾಗಾದರೆ ಅಗೆಯುವುದು ಬೇಡ" ಎಂದು ಮಾವ ಎದ್ದು ಹೋದರು.

ಹದಿಮೂರು ದಿನ ಕಳೆಯಿತು. ಭಾನುವಾರ ಬೆಳಿಗ್ಗೆ ದೇಯಿ ಒಂದು ಕುಕ್ಕೆ ಮುಳ್ಳುಸೌತೆ ಹೊತ್ತು ನಮ್ಮ ಅಂಗಳಕ್ಕೆ ಬಂದಳು. ಮಾವ ಚಾವಡಿಯಲ್ಲಿ ಕೂತಿದ್ದರು. ಅವಳು ದೂರದಲ್ಲೇ ನಿಂತು ಕೈಮುಗಿದು, "ಧಣಿಗಳ ಹಿರಿಯರ ದಯೆಯಿಂದ ಕೂತವರು ನಾವು. ಈಗ ಮಾಸ್ಟ್ರ ದಯೆಯಿಂದ ಮನೆ ಉಳಿಯಿತು" ಎಂದಳು.

ಆ ಮಾತು ಕೇಳಿ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಕಾಗದ ತಂದೆ. "ಮಾವ, ನಾನು ಅರ್ಧ ಮಾತ್ರ ಹೇಳಿದ್ದು. ಇವಳ ಮನೆ ಹಳೆಯ ನಕ್ಷೆಯಲ್ಲಿ ಉಂಟು. ನಮ್ಮದು ಇಲ್ಲ. ಇವರನ್ನು ನಾವು ಕೂರಿಸಿದ್ದಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ.

ದೇಯಿ ನನ್ನನ್ನೂ ಅವರನ್ನೂ ನೋಡಿದಳು. ಮಾವ ಕಾಗದದ ಕಡೆ ಕಣ್ಣನ್ನೂ ಹಾಯಿಸಲಿಲ್ಲ.

"ಅದು ನನಗೆ ಗೊತ್ತಿಲ್ಲಾಂತ ತಿಳಿದೆಯಾ?" ಎಂದರು, ಮೆಲ್ಲಗೆ. "ನನ್ನ ಅಜ್ಜಿಯೇ ಹೇಳಿದ್ದಾರೆ. ನಾವು ಬರುವಾಗ ಅವರ ಬಾವಿಯ ನೀರೇ ಕುಡಿದದ್ದಂತೆ."

ನಾನು ಕಾಗದವನ್ನು ದೇಯಿಯ ಕೈಯಲ್ಲಿಟ್ಟೆ. ಓದಲು ಬಾರದ ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಬರುವಾಗ ಬಗ್ಗಿದ್ದ ಬೆನ್ನು ಹೋಗುವಾಗ ಬಗ್ಗಿರಲಿಲ್ಲ.

ಮಾವ ಆಮೇಲೆ ಅವಳ ತಂಟೆಗೆ ಹೋಗಲಿಲ್ಲ. ನನ್ನೊಡನೆ ಒಂದು ಇಡೀ ವರ್ಷ ಮಾತು ಬಿಟ್ಟರು. ಅನ್ನ ಮಾತ್ರ ತಪ್ಪಿಸಲಿಲ್ಲ. ಅವರು ಕೊಪ್ಪರಿಗೆಯನ್ನು ನಿಜವಾಗಿ ನಂಬಿದ್ದರೋ, ಅಥವಾ ಆ ಮನೆ ಬಿಚ್ಚಿಸಲು ನನ್ನ ಮಾತು ಅವರಿಗೊಂದು ನೆವವಾಯಿತೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಈಗ ಅವರಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಸತ್ಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಸುಲಭ ಎಂಬುದನ್ನು ಆ ಹದಿಮೂರು ದಿನ ನಾನೇ ಕಂಡುಕೊಂಡಿದ್ದೇನೆ. ಮಾವ ಅದನ್ನು ಒಂದು ಜೀವಮಾನ ಮಾಡಿದ್ದರು, ಅಷ್ಟೇ ವ್ಯತ್ಯಾಸ.