ಚನ್ನರಾಯಪ್ಪ ಒಳಗೆ ಬರಲಿಲ್ಲ

ಮುನಿಕೃಷ್ಣಪ್ಪ ಸಾಯುವ ಹಿಂದಿನ ದಿನ ರೇಷ್ಮೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆಮೇಲೆ ಅವಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ಸಾಲದು. ಆಳು ಚನ್ನರಾಯಪ್ಪ ಐದು ಹೊರೆ ಕೊಯ್ದು ತಂದು ಹುಳುಮನೆಯ ಬಾಗಿಲಲ್ಲಿ ಇಳಿಸಿದ. ಒಳಗೆ ಒಯ್ದು ಹಾಕುವುದು ಶಾಮಲಮ್ಮ ಮತ್ತು ಅವಳ ಗಂಡ ಮುನಿಕೃಷ್ಣಪ್ಪನ ಕೆಲಸ. ಹದಿನಾಲ್ಕು ವರ್ಷ ಹಾಗೇ ನಡೆದಿತ್ತು.

ಹೊರಗಿನವರು ಒಳಗೆ ಬಂದರೆ ಹುಳುವಿಗೆ ರೋಗ ತಗಲುತ್ತದೆ ಅಂತ ಶಾಮಲಮ್ಮ ಅವನಿಗೆ ಮೊದಲ ದಿನವೇ ಹೇಳಿದ್ದಳು. ರೋಗದ ಮಾತು ಸುಳ್ಳಲ್ಲ. ಆದರೆ ಅವಳ ತಮ್ಮ ಅಮರನಾಥ್ ಸಂತೆಯಿಂದ ನೇರ ಬಂದು, ಕಾಲೂ ತೊಳೆಯದೆ ಒಳಗೆ ಹೋಗುತ್ತಿದ್ದ. ಅವನನ್ನು ಯಾರೂ ತಡೆದಿಲ್ಲ. ಚನ್ನರಾಯಪ್ಪ ಊರಾಚೆಯ ಎಸ್‌ಸಿ ಕಾಲನಿಯವನು. ಕಾರಣ ಅಷ್ಟೇ.

ಅವತ್ತು ಸಂಜೆ ಗಂಡ ಅವಳನ್ನು ಛೇಡಿಸಿದ.

“ಅವನು ಕೊಯ್ದ ಸೊಪ್ಪೇ ಕಣೇ ಇವು ತಿನ್ತಿರೋದು. ಹುಳುಗೇ ಇಲ್ಲದ ಮಡಿ ನಿನಗೆಲ್ಲಿಂದ ಬಂತೇ?”

“ಸೊಪ್ಪು ಬೇರೆ, ಮನುಷ್ರು ಬೇರೆ. ಸುಮ್ನಿರಿ.”

ಅವನು ನಕ್ಕ. ನಕ್ಕನೇ ಹೊರತು, ಅವನೂ ಒಂದು ದಿನವೂ ಚನ್ನರಾಯಪ್ಪನನ್ನು ಒಳಗೆ ಕರೆದವನಲ್ಲ.

ಮರುದಿನ ಬೆಳಗ್ಗೆ ಶಾಮಲಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಗಂಡನಿಗೆ ಎದೆ ಹಿಡಿಯಿತು. ಹುಳುಮನೆಯಲ್ಲಿ ಹುಳುವಿನ ತಟ್ಟೆಗಳ ಸಾಲಿನ ನಡುವೆ ಬಿದ್ದ. ಹೊರೆ ಹೊತ್ತು ಬಂದ ಚನ್ನರಾಯಪ್ಪ ಬಾಗಿಲಿನಿಂದಲೇ ನೋಡಿದ, ಕೂಗಿದ. ಒಳಗಿಡಲು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದು ಡೈರಿಗೆ ಓಡಿದ. ಇಬ್ಬರೂ ಬರುವಷ್ಟರಲ್ಲಿ ಗಂಡನ ಮೈ ತಣ್ಣಗಾಗುತ್ತಿತ್ತು. ಸ್ವಲ್ಪ ಮುಂಚೆ ತರಬೇಕಿತ್ತು ಅಂದರು ಶ್ರೀನಿವಾಸಪುರದ ಡಾಕ್ಟರು.

ತಿಥಿಯ ದಿನ, ಶಾಮಿಯಾನದಾಚೆ ನಿಂತಿದ್ದ ಚನ್ನರಾಯಪ್ಪನನ್ನು ಅಮರನಾಥ್ ಎಲ್ಲರೆದುರು ಹಿಡಿದುಕೊಂಡ.

“ಕಣ್ಣೆದುರು ಬಿದ್ದೋರ್ನ ಎತ್ತೋಕಾಗ್ಲಿಲ್ವೇನ್ಲಾ? ಇಷ್ಟು ವರ್ಷ ಈ ಮನೆ ಅನ್ನ ತಿಂದಿದೀಯ.”

ಚನ್ನರಾಯಪ್ಪ ಶಾಮಲಮ್ಮನ ಮುಖ ನೋಡಿದ. ಒಳಗೆ ಬರಬೇಡ ಅಂದದ್ದು ನಾನೇ ಅಂತ ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡರು ಜನ. ಯಜಮಾನನನ್ನು ಸಾಯಲು ಬಿಟ್ಟವನು ಅನ್ನುವ ಹೆಸರು ಅವನಿಗೆ ನಿಂತಿತು. ಆಮೇಲೆ ಅವನು ಕೆಲಸಕ್ಕೆ ಬರಲಿಲ್ಲ.

ತಿಂಗಳು ಕಳೆದ ಮೇಲೆ ಅವಳೇ ಕಾಲನಿಗೆ ಹೋದಳು. ಅವನ ಹೆಂಡತಿ ಕುರ್ಚಿ ಹಾಕಿ ನೀರು ತಂದಳು. ಈಗ ತಾನೇ ಕುಡಿದು ಬಂದೆ ಅಂತ ಶಾಮಲಮ್ಮನ ಬಾಯಿ ತಾನಾಗೇ ಹೇಳಿಬಿಟ್ಟಿತು. ಗಂಟಲು ಒಣಗಿತ್ತು.

“ತಪ್ಪು ನಂದು ಚನ್ನರಾಯಪ್ಪ. ನಿನ್ನನ್ನ ಬಾಗಿಲಲ್ಲೇ ನಿಲ್ಸಿದ್ದು ನಾನು.”

“ನನಗೆ ಗೊತ್ತಿರೋದ್ನ ನನಗ್ಯಾಕಮ್ಮ ಹೇಳ್ತೀರ? ಗೊತ್ತಿಲ್ದೋರು ಊರಲ್ಲವ್ರೆ. ಅವ್ರಿಗೆ ಹೇಳಿ.”

ಅವಳು ಇನ್ನೂ ಯಾರಿಗೂ ಹೇಳಿಲ್ಲ. ಅವನು ಶ್ರೀನಿವಾಸಪುರದ ಮಾವಿನ ಮಂಡಿಗೆ ಲೋಡಿಂಗ್ ಕೆಲಸಕ್ಕೆ ಹೋಗುತ್ತಾನೆ.

ಈಗ ದಿನಾ ಬೆಳಗ್ಗೆ ಐದು ಗಂಟೆಗೆ ಶಾಮಲಮ್ಮ ಕುಡುಗೋಲು ಹಿಡಿದು ತೋಟಕ್ಕೆ ಹೊರಡುತ್ತಾಳೆ. ದೊಡ್ಡ ಹೊರೆ ತಲೆಗೆತ್ತಿ ಕೊಡಲು ಇನ್ನೊಬ್ಬರು ಬೇಕು. ಚಿಕ್ಕ ಚಿಕ್ಕದಾಗಿ ಕಟ್ಟಿಕೊಂಡು ಎಂಟು ಸಲ ಓಡಾಡುತ್ತಾಳೆ.