ನೀಲಿ ಬಕೆಟ್ಟಿನ ಹಿಂದೆ ಬಂದ ಹದ್ದು

ಬಕೆಟ್ಟಕ್ಕನಿಗೆ ಇಪ್ಪತ್ತೆರಡು ದಿನದ ಕೂಲಿ ಬರಬೇಕು. ಇವತ್ತಿಗೂ ಬಂದಿಲ್ಲ. ಯಾಕೆ ಕೊಟ್ಟಿಲ್ಲ ಎಂದು ಕೇಳಿದರೆ ಅವಳು ಮೆಟ್ಟಿಲು ಒರೆಸುತ್ತಿದ್ದ ನಾಲ್ಕು ಮಹಡಿಯ ಕಟ್ಟಡದವರು ಆಕಾಶದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಹದ್ದೊಂದು ಸುತ್ತುತ್ತಿರುತ್ತದೆ. ತನಗೂ ಈ ಜಗಳಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಅವಳ ದಿನ ಶುರುವಾಗುವುದು ಭಾವನ ಕೋಳಿ ಅಂಗಡಿಯಲ್ಲಿ. ಆರು ಗಂಟೆಗೆ ಹೋಗಿ ಮರದ ದಿಮ್ಮಿ ಉಜ್ಜಿ, ನೆಲಕ್ಕೆ ನೀರು ಹೊಡೆದು, ಕರುಳು ಚರ್ಮ ಎಲ್ಲವನ್ನೂ ನೀಲಿ ಬಕೆಟ್ಟಿಗೆ ತುಂಬಿ, ಹಿತ್ತಲ ತಗಡಿನ ಮೇಲೆ ಎಸೆಯಬೇಕು. ಎಸೆಯುವ ಮುಂಚೆಯೇ ಹದ್ದುಗಳು ದೀಪದ ಕಂಬದ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಬಕೆಟ್ಟಿಲ್ಲದೆ ಅವಳು ಹಿತ್ತಲಿಗೆ ಬಂದರೆ ಒಂದೂ ಕತ್ತು ತಿರುಗಿಸುತ್ತಿರಲಿಲ್ಲ. ಬಕೆಟ್ಟು ಕಂಡರೆ ಸಾಕು, ರೆಕ್ಕೆ ಬಿಚ್ಚುತ್ತಿದ್ದವು.

"ನಿನ್ನ ಮುಖಕ್ಕಲ್ಲಮ್ಮ ಮರ್ಯಾದೆ, ಬಕೆಟ್ಟಿಗೆ" ಎಂದು ಭಾವ ನಗುತ್ತಿದ್ದ.

"ನನ್ನ ಮುಖಕ್ಕೆ ಮರ್ಯಾದೆ ಕೊಟ್ಟೋರು ಯಾರಿದಾರೆ ಭಾವ, ಹದ್ದಾದ್ರೂ ಯಾಕೆ ಕೊಡಬೇಕು" ಎಂದು ಅವಳೂ ನಗುತ್ತಿದ್ದಳು.

ಒಂಬತ್ತಕ್ಕೆ ಅದೇ ಬಕೆಟ್ಟು ತೊಳೆದುಕೊಂಡು ಕಟ್ಟಡಕ್ಕೆ. ಮೆಟ್ಟಿಲು ಒರೆಸಬೇಕು, ತಾರಸಿ ಗುಡಿಸಬೇಕು, ನೀರಿನ ಟ್ಯಾಂಕು ತುಂಬಿದೆಯೇ ನೋಡಬೇಕು. ಕಟ್ಟಡಕ್ಕೆ ಬೇರೆ ಬಕೆಟ್ಟು ಕೊಡಿಸಿ ಎಂದು ಸೆಕ್ರೆಟರಿಯನ್ನು ಮೂರು ಸಲ ಕೇಳಿದ್ದಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮನುಷ್ಯ ಆತ. ಮೂರು ಸಲವೂ "ಮುಂದಿನ ಮೀಟಿಂಗಲ್ಲಿ ಇಡ್ತೀನಮ್ಮ" ಎಂದ. ಮೀಟಿಂಗುಗಳು ನಡೆದವು, ಬಕೆಟ್ಟು ಬರಲಿಲ್ಲ.

ಇಷ್ಟೂ ಕೆಲಸದ ಮೇಲೆ ಮೂರನೇ ಮಹಡಿಯ ಮೇಡಂ ಇನ್ನೊಂದು ಅಂಟಿಸಿದ್ದರು. ಅವರ ನಾಯಿಮರಿಯನ್ನು ದಿನಾ ಅರ್ಧ ಗಂಟೆ ತಾರಸಿಯ ಬಿಸಿಲಿಗೆ ಬಿಡಬೇಕು. ಬೆಳ್ಳಗೆ, ಉಂಡೆಯಾಗಿ, ಹೆಸರು ಹತ್ತಿ. ಹೆಸರು ಹತ್ತಿ, ಹಲ್ಲು ಗರಗಸ. ಒಂದು ದಿನ ಮೇಡಂ ಊರಿಗೆ ಹೋಗಿದ್ದಾಗ ಅದನ್ನು ಅಂಗಡಿಗೆ ಕರೆದೊಯ್ದು, ತಮಾಷೆಗೆ ತೂಕದ ಯಂತ್ರದ ಮೇಲೆ ಕೂರಿಸಿದ್ದಳು. ಒಂದು ಕಿಲೋ ಒಂಬೈನೂರು ಗ್ರಾಂ.

ಹದ್ದು ಬಂದ ದಿನ ಎಂದಿನಂತೆ ಹತ್ತಿಯನ್ನು ತಾರಸಿಯಲ್ಲಿ ಬಿಟ್ಟು ಬಕೆಟ್ಟು ಕೆಳಗಿಟ್ಟಳು, ಅಂಚಿಗೆ ಒರೆಸುವ ಬಿಳಿ ಬಟ್ಟೆ ನೇತುಹಾಕಿದಳು. ಬಾಗಿಲು ಗಾಳಿಗೆ ಹಾಕಿಕೊಳ್ಳದಿರಲಿ ಎಂದು ಇಟ್ಟಿಗೆ ಕೊಟ್ಟು, ಟ್ಯಾಂಕಿನ ಹಿಂದೆ ಹೋದಳು. ಬೆನ್ನ ಮೇಲೆ ನೆರಳು ಹಾದಂತಾಯಿತು. ಬಕೆಟ್ಟು ಉರುಳಿದ ಸದ್ದು, ಹತ್ತಿ ಕುಂಯ್ ಎಂದ ಸದ್ದು. ಓಡಿಬಂದು ನೋಡಿದರೆ ಮರಿ ಇಲ್ಲ. ಎದುರು ಕಟ್ಟಡದಾಚೆ ಹದ್ದೊಂದು ಹೋಗುತ್ತಿದೆ, ಕಾಲಲ್ಲಿ ಬೆಳ್ಳಗೆ ಏನೋ.

"ಅಯ್ಯೋ, ಹದ್ದು ಎತ್ಕೊಂಡು ಹೋಯ್ತು!"

ಆ ಕೂಗೇ ಅವಳಿಗೆ ಮುಳುವಾಯಿತು. ನಾಲ್ಕೂ ಮಹಡಿಯವರು ತಾರಸಿಗೆ ಹತ್ತಿದರು. ಸೆಕ್ರೆಟರಿ ಆಡಿನ ಮರಿಯನ್ನೇ ಎತ್ತಿಕೊಂಡು ಹೋದ ಹದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದ. ಮೇಲಿನ ಮನೆಯ ಅಜ್ಜಿ, "ಹದ್ದಲ್ಲ, ಗಿಡುಗ ಇರಬೇಕು" ಎಂದಳು. ಯಾರಿಗೂ ಹದ್ದಿಗೂ ಗಿಡುಗಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಮೇಡಂ ಮಾತ್ರ ಅಳುತ್ತಲೇ ಬಕೆಟ್ಟಿನೊಳಗೆ ಬಗ್ಗಿ ಮೂಸಿದರು.

"ಮಾಂಸದ ವಾಸನೆ! ನೀನೇ ಕರ್ಕೊಂಡು ಬಂದಿದೀಯ ಆ ಹಕ್ಕಿಗಳನ್ನ. ಈ ತಿಂಗಳು ನಿನಗೆ ಒಂದು ಕಾಸೂ ಇಲ್ಲ."

"ತೊಳ್ದಿದೀನಿ ಮೇಡಂ…"

"ಏನು ತೊಳೆದೆ? ನನ್ನ ಮಗು ಹೋಯ್ತು."

ಬಕೆಟ್ಟಕ್ಕ ಮನೆಗೆ ಬಂದಳು. ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಹದ್ದು ಬಂದದ್ದು ನಿಜ. ಕಾಲಲ್ಲಿ ಬಿಳಿ ಇದ್ದದ್ದೂ ನಿಜ. ಆದರೆ ಅಂಗಡಿಯ ಹಿತ್ತಲಲ್ಲಿ ಹದ್ದು ಎಷ್ಟು ಭಾರ ಎತ್ತುತ್ತದೆ ಎಂದು ವರ್ಷಗಳಿಂದ ನೋಡುತ್ತಿಲ್ಲವೇ ಅವಳು? ಇಡೀ ಕೋಳಿಯ ಮುಂಡ ಒಂದು ಸಲ ಜಾರಿ ತಗಡಿನ ಮೇಲೆ ಬಿದ್ದಾಗ ಮೂರು ಹದ್ದು ಜಗ್ಗಾಡಿದ್ದವೇ ಹೊರತು ಒಂದೂ ಎತ್ತಿರಲಿಲ್ಲ. ಹಾಗಾದರೆ ಹತ್ತಿ? ಬಾಯಿಬಿಟ್ಟು ಕೂಗಿದ್ದು ತಾನೇ. ಕಣ್ಣು ಸುಳ್ಳೋ, ತಗಡು ಸುಳ್ಳೋ?

ಮಾರನೇ ದಿನ ಬೆಳಗ್ಗೆ ಬಿಸಾಡುವ ಚರ್ಮವನ್ನೇ ಸುತ್ತಿ ಸುತ್ತಿ ದಾರದಲ್ಲಿ ಕಟ್ಟಿ ಗಂಟು ಮಾಡಿ, ತೂಗಿ, ತಗಡಿನ ಮೇಲೆ ಇಟ್ಟಳು. ಇನ್ನೂರು ಗ್ರಾಮಿನ ಗಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಯಿತು. ನಾನೂರರದನ್ನು ಎತ್ತಿದ ಹದ್ದು ಬೇಲಿ ದಾಟುವಷ್ಟರಲ್ಲಿ ಕೈಬಿಟ್ಟಿತು. ಒಂದು ಕಿಲೋದ್ದನ್ನು ಅಲ್ಲೇ ಕೂತು ಹರಿದು ತಿಂದವು.

"ಏನಮ್ಮ ಇದು, ಹದ್ದಿಗೆ ಪರೀಕ್ಷೆ ಇಟ್ಟಿದೀಯ?" ಎಂದ ಭಾವ.

"ಹೂಂ ಭಾವ. ಅದು ಫೇಲಾಯ್ತು. ನಾನು ಪಾಸೋ ಅಲ್ವೋ ಗೊತ್ತಿಲ್ಲ."

ಆಮೇಲೆ ಬಕೆಟ್ಟು ನೋಡಿಕೊಂಡಳು. ಅಂಚಿನ ಬಿಳಿ ಬಟ್ಟೆ ಇಲ್ಲ. ಒಂಬತ್ತಕ್ಕೆ ತಾರಸಿ ಹತ್ತಿ ನೋಡಿದರೆ ಎದುರು ಕಟ್ಟಡದ ಹಿಂದಿನ ಎತ್ತರದ ಮರದಲ್ಲಿ ಹದ್ದಿನ ಗೂಡು. ಕಡ್ಡಿಗಳ ನಡುವೆ ಬಿಳಿ ಚಿಂದಿಯೊಂದು ನೇತಾಡುತ್ತಿತ್ತು. ಅವಳದೇ ಬಟ್ಟೆಯೇ? ಇದ್ದರೂ ಇರಬಹುದು. ಊರಲ್ಲಿ ಬಿಳಿ ಚಿಂದಿಗೆ ಬರವೇ?

ನಾಲ್ಕನೇ ದಿನ ಗೇಟಿನ ಕಾವಲು ಅಜ್ಜ ಜನರೇಟರ್ ಕೋಣೆಯ ಬೀಗ ತೆಗೆದಾಗ ಮೂಲೆಯಿಂದ ಹತ್ತಿ ಬೊಗಳಿತು. ಗ್ರೀಸು ಮೆತ್ತಿಕೊಂಡು ಕರಿ ಹತ್ತಿಯಾಗಿತ್ತು. ಕೋಣೆಯ ಬಾಗಿಲ ಕೆಳಗೆ ಮರಿ ನುಸುಳುವಷ್ಟು ಸಂದು. ಹೆದರಿ ಮೆಟ್ಟಿಲಿಳಿದು ಓಡಿತೇ? ಓಡಿದ್ದರೆ ಮೂರು ದಿನ ಬೊಗಳಲಿಲ್ಲವೇಕೆ? ಬೊಗಳಿದ್ದರೆ ಯಾರಿಗೂ ಕೇಳಲಿಲ್ಲವೇಕೆ? ಅಜ್ಜನಿಗೆ ಕಿವಿ ಮಂದ, ಮಿಕ್ಕವರಿಗೆ ಟಿವಿ ಜೋರು.

ಮೇಡಂ ಮರಿಯನ್ನು ಅಪ್ಪಿಕೊಂಡು ಪಶುವೈದ್ಯರ ಬಳಿಗೆ ಓಡಿದರು. ಬಕೆಟ್ಟಕ್ಕನೂ ಹಿಂದೆಯೇ ಹೋದಳು, ತನ್ನ ನ್ಯಾಯ ಅಲ್ಲಿದೆ ಎಂಬಂತೆ. ಮರಿಯ ಬೆನ್ನ ಮೇಲೆ ಒಂದು ಗೀರು ಇತ್ತು, ಬೆರಳುದ್ದ.

"ಇದು ಹದ್ದಿನ ಉಗುರಾ ಡಾಕ್ಟ್ರೇ?" ಬಕೆಟ್ಟಕ್ಕ ಕೇಳಿದಳು.

"ಇರಬಹುದು. ತಂತಿಯೂ ಇರಬಹುದು. ಬಾಗಿಲ ತಗಡೂ ಇರಬಹುದು."

"ಎತ್ಕೊಂಡು ಹೋಗುತ್ತಾ ಅಷ್ಟು ದೊಡ್ಡದನ್ನ?"

"ಈ ಊರಿನ ಹದ್ದು ಒಂದು ಕಿಲೋನೂ ತೂಗಲ್ಲಮ್ಮ, ಎರಡು ಕಿಲೋ ಎಲ್ಲಿಂದ ಎತ್ತುತ್ತೆ? ಆದರೆ ಎರಗಬಹುದು, ಪರಚಬಹುದು. ಇಲಿಯಷ್ಟು ಗಾತ್ರದ್ದಾದರೆ, ಕೋಳಿಮರಿಯಾದರೆ, ಆಗಷ್ಟೇ ಕಣ್ಣುಬಿಟ್ಟ ಬೆಕ್ಕಿನ ಮರಿಯಾದರೆ ಎತ್ತಿಬಿಡುತ್ತೆ. ಚಿಕ್ಕ ಪ್ರಾಣಿನ ಬಯಲಲ್ಲಿ ಒಂಟಿಯಾಗಿ ಬಿಡಬೇಡಿ, ಅಷ್ಟೇ."

ಬಕೆಟ್ಟಕ್ಕನಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಎತ್ತಲಾರದು ಎಂದ ಬಾಯಲ್ಲೇ ಎರಗಬಹುದು ಎಂದೂ ಡಾಕ್ಟರು ಅಂದುಬಿಟ್ಟರು.

ಮರಿ ಸಿಕ್ಕಿತಲ್ಲ, ಇನ್ನು ಕೂಲಿ ಕೊಡುತ್ತಾರೆ ಎಂದುಕೊಂಡು ಸಂಜೆ ಸೆಕ್ರೆಟರಿಯ ಮನೆ ಬಾಗಿಲಿಗೆ ಹೋದಳು. ಆತ ಕನ್ನಡಕ ಒರೆಸಿಕೊಂಡ.

"ನೋಡಮ್ಮ, ಮೇಡಂ ಅಭಿಪ್ರಾಯ ಏನಂದ್ರೆ, ಹದ್ದು ಬಂದದ್ದು ಬಕೆಟ್ಟಿಂದ. ಹದ್ದಿಂದ ಮರಿ ಹೆದರಿತು, ಓಡಿತು, ಗಾಯ ಆಯ್ತು. ಡಾಕ್ಟರ ಖರ್ಚು ನಿನ್ನ ಸಂಬಳದಲ್ಲಿ…"

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಗಂಟು ಹಾಕ್ತೀರಲ್ಲ ಸಾರ್. ಬೇರೆ ಬಕೆಟ್ಟು ಕೊಡಿ ಅಂತ ಕೇಳಿದ್ದು ಎಷ್ಟು ಸಲ?"

"ಅದು ಮೀಟಿಂಗಲ್ಲಿ ಇಡಬೇಕಿತ್ತು."

"ಮರಿ ನೋಡ್ಕೊಳ್ಳೋ ಕೆಲಸಾನೂ ಮೀಟಿಂಗಲ್ಲಿ ಇಟ್ಟಿದ್ರಾ?"

ಸೆಕ್ರೆಟರಿ ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡ. ಅದರಲ್ಲಿ ಕೊಳೆಯೇನೂ ಇರಲಿಲ್ಲ.

ಆ ತಿಂಗಳು ಇಪ್ಪತ್ತೆರಡು ದಿನ ದುಡಿದವಳು ಮರುದಿನ ಕೆಲಸಕ್ಕೆ ಹೋಗಲಿಲ್ಲ. ಹೋಗದಿದ್ದಕ್ಕೆ ಕೆಲಸವೂ ಹೋಯಿತು. ಈಗ ಅಂಗಡಿಯ ಹಿತ್ತಲಲ್ಲಿ ಕರುಳು ಎಸೆಯುವಾಗೆಲ್ಲ ಕಂಬದ ಸಾಲನ್ನೇ ದಿಟ್ಟಿಸುತ್ತಾಳೆ. ಅವುಗಳಲ್ಲಿ ತಾರಸಿಗೆ ಬಂದದ್ದು ಯಾವುದು? ಬಂದದ್ದು ಬಟ್ಟೆಗೋ, ವಾಸನೆಗೋ, ಮರಿಗೋ? ಒಂದೊಂದು ದಿನ ತನ್ನದೇ ತಪ್ಪು ಅನಿಸುತ್ತದೆ. ಹತ್ತಿಯನ್ನು ಒಂದು ಗಳಿಗೆ ಒಂಟಿ ಬಿಟ್ಟದ್ದು ನಿಜವಲ್ಲವೇ? ಅನ್ನ ಉಣ್ಣುವಾಗ ಆ ಕುಂಯ್ ಸದ್ದು ನೆನಪಾಗುತ್ತದೆ. ಇನ್ನೊಂದು ದಿನ ಯಾರದೂ ತಪ್ಪಲ್ಲ ಅನಿಸುತ್ತದೆ. ಮೊನ್ನೆ ಕೆಂಪು ಬಕೆಟ್ಟೊಂದನ್ನು ಕೊಂಡು ತಂದಳು. ಹದ್ದುಗಳು ಎರಡು ದಿನ ಅನುಮಾನದಿಂದ ನೋಡಿದವು. ಮೂರನೇ ದಿನ ಅದಕ್ಕೂ ರೆಕ್ಕೆ ಬಿಚ್ಚಿದವು.

ಹದ್ದು ನಾಯಿಮರಿಗೆ ಅಪಾಯವೋ ಅಲ್ಲವೋ ಎಂಬುದನ್ನು ನೀವು ಎಷ್ಟು ದಿನ ಬೇಕಾದರೂ ಚರ್ಚೆ ಮಾಡಿ. ನಿಮ್ಮ ಮುದ್ದು ಪ್ರಾಣಿಯನ್ನು ಬಿಸಿಲಿಗೆ ಬಿಡುವಾಗ ಪಕ್ಕದಲ್ಲಿ ನೀವೇ ಕೂತುಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಹತ್ತಿ ಮನೆಗೆ ಬಂದಿದೆ, ಗೀರು ಮಾಯ್ದಿದೆ, ಅವಳು ಒರೆಸಿದ ಮೆಟ್ಟಿಲುಗಳ ಮೇಲೆ ಆ ಕಟ್ಟಡದವರು ಇಪ್ಪತ್ತೆರಡು ದಿನ ನಡೆದಾಡಿದ್ದಾರೆ. ನಿಮ್ಮ ಕಟ್ಟಡದ ಮೆಟ್ಟಿಲು ಒರೆಸುವವಳು ಯಾರ ಬಕೆಟ್ಟಿನಲ್ಲಿ ಒರೆಸುತ್ತಾಳೆ, ಅವಳ ಯಾವ ತಿಂಗಳ ಕೂಲಿಯನ್ನು ಯಾವ ನೆಪಕ್ಕೆ ಹಿಡಿದಿಟ್ಟಿದ್ದೀರಿ? ಇವತ್ತೇ ಹೋಗಿ ಕೇಳಿ. ಕೇಳಿ ಸುಮ್ಮನಾಗಬೇಡಿ, ಅವಳ ಕೈಗೆ ಕೊಡಿ.